ಮಂದಿ ಇದ್ದ ಮನೆಗಳು

ನಮ್ಮಪ್ಪ ಮನೆ ಕೊಂಡು ಮಾರುತ್ತಿದ್ದ. ಹೀಗಂದ ಕೂಡಲೇ ಕೇಳಿದವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಸಿರಿವಂತರ ಮಗಳು ಅಂದುಕೊಳ್ಳುತ್ತಾರೆ. ಅವರ ಭ್ರಮೆಯನ್ನು ಅಲ್ಲೇ ಇಳಿಸಿಬಿಡುವುದು ನನ್ನ ಸ್ವಭಾವ. ಅಪ್ಪ ಕೊಂಡ ಮನೆಗಳಲ್ಲಿ ಯಾವಾಗಲೂ ಬೇರೆ ಯಾರೋ ಇರುತ್ತಿದ್ದರು. ಅವರು ಬಿಟ್ಟ ಮೇಲೆ ನಾವು ಹೋಗಿ ಇರುತ್ತಿದ್ದೆವು. ಅವ್ವ ಅಡುಗೆಮನೆಯ ಕಿಟಕಿಗೆ ಪರದೆ ಹೊಲಿದು ಕಟ್ಟುವಷ್ಟರಲ್ಲಿ ಅಪ್ಪ ಆ ಮನೆಯನ್ನು ಮಾರಿ, ಮಂದಿ ಇದ್ದ ಇನ್ನೊಂದು ಮನೆ ಹುಡುಕಿರುತ್ತಿದ್ದ. ನಾನು ಬೆಳೆದದ್ದು ಕಲಬುರಗಿಯಲ್ಲಿ ಅನ್ನುವುದಕ್ಕಿಂತ ಕಲಬುರಗಿಯ ಟೆಂಪೋಗಳಲ್ಲಿ ಅಂದರೆ ಸರಿಯಾದೀತು.

ದಲ್ಲಾಳಿಗಳ ಲೆಕ್ಕದಲ್ಲಿ ಮನೆಗಳು ಎರಡೇ ನಮೂನೆ. ಒಂದು ಖಾಲಿ ಮನೆ, ಇನ್ನೊಂದು ಮಂದಿ ಇದ್ದ ಮನೆ. ಖಾಲಿ ಮನೆಗೆ ಕೇಳಿದಷ್ಟು ಬೆಲೆ ಬರುತ್ತದೆ. ಮಂದಿ ಇದ್ದ ಮನೆಯೆಂದರೆ ಬಾಡಿಗೆದಾರರು ಬೇರು ಬಿಟ್ಟು ಕೂತಿರುವಂಥದ್ದು. ಅವರನ್ನು ಎಬ್ಬಿಸಬೇಕಾದರೆ ಕೋರ್ಟಿನ ಮೆಟ್ಟಿಲು ಹತ್ತಬೇಕು, ಹತ್ತಿದವನ ಮೊಮ್ಮಗ ಇಳಿದು ಬರಬೇಕು. ಬಾಡಿಗೆ ನೋಡಿದರೆ ಅಜ್ಜನ ಕಾಲದ್ದು. ಬೇಸತ್ತ ಮಾಲೀಕ ಅರ್ಧ ಬೆಲೆಗೆ ಕೊಟ್ಟು ಕೈ ತೊಳೆದುಕೊಳ್ಳಲು ತಯಾರಿರುತ್ತಾನೆ, ಆದರೆ ಅಂಥ ಮನೆಯನ್ನು ಮುಟ್ಟುವವರು ಇರುವುದಿಲ್ಲ. ಅಪ್ಪ ಮುಟ್ಟುತ್ತಿದ್ದ. ಮಂದಿ ಇದ್ದದ್ದನ್ನು ಕೊಂಡು, ಖಾಲಿ ಮಾಡಿಸಿ, ಖಾಲಿ ಮನೆಯ ಬೆಲೆಗೆ ಮಾರುವುದು ಅವನ ದಂಧೆ.

ಇದರ ನಡುವೆ ಅವ್ವನಿಗೆ ಬೇಕಾಗಿದ್ದದ್ದು ಒಂದೇ. ಕಮಲಾಪುರದ ತನ್ನ ತವರಿನಿಂದ ಬಂದ ಒಳಕಲ್ಲನ್ನು ಯಾವುದಾದರೂ ಒಂದು ಮನೆಯ ನೆಲದಲ್ಲಿ ಹುಗಿದು ಕೂಡಿಸಬೇಕು. ಅದು ಅವಳ ತಾಯಿ ಪುತಳಾಬಾಯಿ ಕೊಟ್ಟ ಕರೀ ಕಲ್ಲು. ಆ ಅಜ್ಜಿಯ ಹೆಸರೇ ನನಗೂ ಇಟ್ಟು ಶಾಲೆಯಲ್ಲಿ ನಗೆಪಾಟಲು ಮಾಡಿದ್ದಾರೆ, ಇರಲಿ. ಮದುವೆಯಾದ ವಾರ ಬಾಳೆಗೊನೆಯ ಲಾರಿಯಲ್ಲಿ ಹೇರಿಕೊಂಡು ಬಂದ ಆ ಕಲ್ಲು ಪ್ರತಿ ಮನೆಯಲ್ಲೂ ಅಡುಗೆಮನೆಯ ಮೂಲೆಯಲ್ಲಿ, ಮಡಚಿದ ಗೋಣಿಚೀಲದ ಮೇಲೆ ಕೂತಿರುತ್ತಿತ್ತು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುವಾಗ ಅದು ಅಲುಗುತ್ತಿತ್ತು. ಅವ್ವ ಎರಡೂ ಪಾದಗಳಿಂದ ಒತ್ತಿ ಹಿಡಿದುಕೊಂಡು ಕುಟ್ಟುತ್ತಿದ್ದಳು. ಅವಳ ಹಿಮ್ಮಡಿಯ ಒಳಬದಿಯ ಚರ್ಮ ಆ ಕಲ್ಲಿಗೇ ಒರಟಾಗಿತ್ತು.

ಅಪ್ಪನ ಹೆಸರು ತುಕಾರಾಮ. ಕೆಲಸ, ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ ಬರೆದುಕೊಳ್ಳುವುದು. ಅವನು ಕೂತು ಉಂಡದ್ದನ್ನು ನಾನು ಸಣ್ಣವಳಿದ್ದಾಗ ನೋಡಿದ್ದಿಲ್ಲ. ರೊಟ್ಟಿಯೊಳಗೆ ಹಿಂಡಿ ಇಟ್ಟು ಸುತ್ತಿ ಕೊಟ್ಟರೆ ಬಾಗಿಲಲ್ಲಿ ನಿಂತು, ಚಪ್ಪಲಿ ಕಾಲಲ್ಲೇ ಇದ್ದು, ಓಣಿಯ ಆ ತುದಿ ಈ ತುದಿ ನೋಡುತ್ತ ತಿಂದು ಮುಗಿಸುತ್ತಿದ್ದ. ನಿದ್ದೆಯಲ್ಲೂ ಕಾಲು ಆಡಿಸುತ್ತಿದ್ದ. ಅವ್ವ ಶೇವಂತಾ ಇದಕ್ಕೆ ತದ್ವಿರುದ್ಧ. ಕೂತರೆ ಕೂತಳು. ಇವರಿಬ್ಬರನ್ನೂ ಗಂಟು ಹಾಕಿದವರು ಯಾರೋ, ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಅಪ್ಪ ಹೀಗಾದದ್ದು ಯಾಕೆ ಅಂತ ಕೇಳಿದರೆ ಅವ್ವ ಬಾವಿ ಓಣಿಯ ಕಥೆ ಹೇಳುತ್ತಿದ್ದಳು. ಎಂಬತ್ಮೂರನೇ ಇಸವಿ. ಊರಿನ ಬೋರ್ಡಿನ ಮೇಲೆ ಗುಲಬರ್ಗಾ, ನಮ್ಮ ಬಾಯಲ್ಲಿ ಮಾತ್ರ ಆಗಲೂ ಕಲಬುರಗಿಯೇ. ಅಪ್ಪನಿಗೆ ಆಗಷ್ಟೇ ನೌಕರಿ, ಆಗಷ್ಟೇ ಲಗ್ನ. ಹಳೇ ಊರಿನ ಬಾವಿ ಓಣಿಯಲ್ಲಿ ನೀಲಿ ಬಾಗಿಲ ಮನೆಯ ಒಂದು ಖೋಲಿ ಬಾಡಿಗೆಗಿದೆ ಅಂತ ತಿಳಿದು ಇಬ್ಬರೂ ಕೈಗಾಡಿಯ ಮೇಲೆ ಸಾಮಾನು, ಒಳಕಲ್ಲು ಎಲ್ಲ ಹೇರಿಕೊಂಡೇ ಹೋದರಂತೆ. ಮನೆಯ ಒಡತಿ ಚಹಾ ಕುಡಿಯಿರಿ ಅಂದಳು. ಅವ್ವ ಒಳಗೆ ಹೋಗಿ ಅಡುಗೆಮನೆ ನೋಡಿದಳು, ಒಳಕಲ್ಲಿಗೆ ಮೂಲೆಯನ್ನೂ ಗೊತ್ತು ಮಾಡಿಕೊಂಡಳು. ಚಹಾ ಕುದಿಯುವ ಮುಂಚೆ ಒಡತಿ ಕೇಳಿದಳು, ನೀವು ಯಾವ ಪೈಕಿ ಅಂತ. ಅಪ್ಪ ಮುಚ್ಚಿಡಲಿಲ್ಲ, ಹೇಳಿದ. ಆಗ ಅವಳಿಗೆ ಒಮ್ಮೆಲೇ ನೆನಪಾಯಿತು, ಖೋಲಿಗೆ ಅವಳ ಅಣ್ಣನ ಮಗ ಬರುವವನಿದ್ದನಂತೆ. ಚಹಾ ಒಳಗೇ ಉಳಿಯಿತು. ಕೈಗಾಡಿ ತಿರುಗಿಸಿಕೊಂಡು ಬಂದರು.

ಇಷ್ಟಕ್ಕೇ ಮುಗಿದಿದ್ದರೆ ಅಪ್ಪ ಮರೆಯುತ್ತಿದ್ದನೋ ಏನೋ. ಆದರೆ ಬಾವಿ ಓಣಿ ಅವನ ಸರದಿಯ ಓಣಿ. ತಿಂಗಳಿಗೊಮ್ಮೆ ಆ ನೀಲಿ ಬಾಗಿಲು ಬಡಿದು, ಪಡಸಾಲೆಯ ಮೀಟರಿನ ಕೆಳಗೆ ಕತ್ತೆತ್ತಿ ನಿಂತು ಅಂಕಿ ಬರೆದುಕೊಳ್ಳಬೇಕು. ಖೋಲಿ ಖಾಲಿಯೇ ಇತ್ತು. ಅಣ್ಣನ ಮಗ ಬಂದಿರಲೇ ಇಲ್ಲ. ಮೀಟರು ನೋಡುವವನಿಗೆ ಯಾರ ಮನೆಯ ಬಾಗಿಲೂ ತೆರೆಯುತ್ತದೆ, ನೋಡಿದ ಮೇಲೆ ಮುಚ್ಚುತ್ತದೆ. ಕೊನೆಗೆ ಅವರಿಗೆ ಊರಂಚಿನ ನಂದೂರಿನ ಬೇಳೆ ಮಿಲ್ಲಿನ ಹಿಂದೆ ಒಂದು ಖೋಲಿ ಸಿಕ್ಕಿತು. ಹೊಟ್ಟಿನ ಧೂಳು ಅನ್ನದ ಮೇಲೂ ಕೂರುತ್ತಿತ್ತು. ನಾನು ಹುಟ್ಟಿದ್ದು ಅಲ್ಲಿ, ಅದಕ್ಕೇ ನನಗೆ ಈಗಲೂ ಸೀನು ಬಂದರೆ ನಿಲ್ಲುವುದಿಲ್ಲ.

ಅಪ್ಪ ಕೊಂಡ ಮೊದಲ ಮನೆ ಬ್ರಹ್ಮಪುರದ್ದು. ಅದರ ಒಡತಿ ಇಕ್ಬಾಲ್ ಬೇಗಂ ಎಂಬ ಮುದುಕಿ, ಮಗಳ ಮನೆಯಲ್ಲಿ ಇರುತ್ತಿದ್ದಳು. ಬ್ರಹ್ಮಪುರದ ಮನೆಯಲ್ಲಿ ಶಂಕ್ರಮ್ಮ ಎಂಬ ವಿಧವೆ, ಮಗ ಸೊಸೆಯ ಸಂಗಡ ಬಹಳ ವರ್ಷದಿಂದ ಬಾಡಿಗೆಗಿದ್ದಳು, ಬಿಡು ಅಂದರೆ ಬಿಡುತ್ತಿರಲಿಲ್ಲ. ಕರೆಂಟ್ ಬಿಲ್ಲಿನ ವಿಷಯಕ್ಕೆ ಅಪ್ಪ ಬೇಗಂ ಹತ್ತಿರ ಹೋದಾಗ ಅವಳು ಪರದೆಯ ಹಿಂದಿನಿಂದ ಗೋಳು ಹೇಳಿಕೊಂಡಳು.

"ತುಕಾರಾಮ ಭಾಯಿ, ಮನಿ ನಂದು, ಚಾವಿ ಅವರದು. ಅವರ ಸಮೇತ ನೀವೇ ತಗೊಂಡುಬಿಡ್ರಿ."

ಅವಳು ಯಾವ ಪೈಕಿ ಅಂತ ಕೇಳಲಿಲ್ಲ. ಹಣ ಹೊಂದಿಸಬಲ್ಲಿರಾ, ಶಂಕ್ರಮ್ಮನನ್ನು ತಾಳಬಲ್ಲಿರಾ, ಇಷ್ಟೇ ಕೇಳಿದಳು. ಅಪ್ಪನಿಗೆ ಅಂದು ಬೆಳಕಾದದ್ದು ಇದು: ಬಾಡಿಗೆಗೆ ಕೊಡಲು ಒಲ್ಲೆ ಅನ್ನುವ ಓಣಿಯಲ್ಲಿಯೂ ಮಂದಿ ಇದ್ದ ಮನೆಯನ್ನು ಯಾರಿಗಾದರೂ ಮಾರುತ್ತಾರೆ. ಆಫೀಸಿನ ಸಾಲ, ಅವ್ವನ ಸರ, ಕಮಲಾಪುರದ ದೊಡ್ಡಪ್ಪ ಕೊಟ್ಟದ್ದು, ಎಲ್ಲ ಕೂಡಿಸಿ ಕೊಂಡುಬಿಟ್ಟ. ತನಗೆ ಖೋಲಿ ಕೊಡದ ಮಂದಿಯಂಥ ಮಂದಿಗೇ ಈಗ ಅವನು ಮಾಲೀಕ. ಮೀಸೆಯಡಿಯಲ್ಲಿ ನಗುತ್ತ ಇಡೀ ಊರು ತಿರುಗಿದನಂತೆ.

ಬಾಡಿಗೆದಾರರನ್ನು ಎಬ್ಬಿಸಲು ಅಪ್ಪನದೇ ಒಂದು ರೀತಿ ಇತ್ತು. ಬೈಯುವುದಿಲ್ಲ, ಗೂಂಡಾಗಳನ್ನು ಕಳಿಸುವುದಿಲ್ಲ. ಲೈಟು ಕಡಿಯುವುದು ತನ್ನ ಕೈಯಲ್ಲೇ ಇದೆ, ಅದಕ್ಕೇ ಅದನ್ನು ಮಾಡಬಾರದು ಅನ್ನುತ್ತಿದ್ದ. ಮೊದಲ ಸಲ ಹೋಗುವಾಗ ಕಮಲಾಪುರದ ಕೆಂಪು ಬಾಳೆಹಣ್ಣು ಒಯ್ಯುತ್ತಿದ್ದ. ಮಿಠಾಯಿ ಯಾಕೆ ಒಯ್ಯುವುದಿಲ್ಲ ಅಂತ ನಾನೊಮ್ಮೆ ಕೇಳಿದ್ದೆ. "ಬಾಳೆಹಣ್ಣಿಗಿ ಸಿಪ್ಪಿ ಇರ್ತದ ಪುತಳಿ, ಯಾರೂ ಬ್ಯಾಡ ಅನ್ನಂಗಿಲ್ಲ" ಅಂದ. ಅಂದಾಗ ನಕ್ಕ. ನನಗೆ ನಗು ಬರಲಿಲ್ಲ, ಅರ್ಥವಾಗಲು ಕೆಲವು ವರ್ಷ ಬೇಕಾಯಿತು, ಅರ್ಥವಾದ ಮೇಲಂತೂ ಬರಲೇ ಇಲ್ಲ.

ಹಣ್ಣು ಕೊಟ್ಟು, ಕುಡಿಯಲು ನೀರು ಕೇಳಿ, ಕೂತುಕೊಳ್ಳುತ್ತಿದ್ದ. ನೀರು ಬರುವಷ್ಟರಲ್ಲಿ ಮನೆಯನ್ನು ಓದಿಬಿಡುತ್ತಿದ್ದ. ಟ್ರಂಕುಗಳು ಮಂಚದ ಕೆಳಗೆ ಬಿಗಿದೇ ಇದ್ದರೆ ಇವರು ಹೋಗುವವರು. ಗೋಡೆಗೆ ತಾವೇ ಸುಣ್ಣ ಬಳಿಸಿದ್ದರೆ ಸ್ವಲ್ಪ ಕಷ್ಟ. ಮಗನಿಗೆ ಹೊಸ ಬಡಾವಣೆಯಲ್ಲಿ ಪ್ಲಾಟು ಬೇಕಾಗಿದ್ದರೆ ಅಪ್ಪನೇ ಹುಡುಕಿ ಕೊಡುತ್ತಿದ್ದ, ಸಾಮಾನು ಸಾಗಿಸುವ ಟೆಂಪೋ ಬಾಡಿಗೆಯೂ ಅವನದೇ. ಆದರೆ ಅಡುಗೆಮನೆಯಲ್ಲಿ ಹಾಸಿದ ಶಹಾಬಾದಿ ಫರಸಿಕಲ್ಲು ಎತ್ತಿ ನೆಲದಲ್ಲಿ ಒಳಕಲ್ಲು ಹುಗಿದಿದ್ದರೆ ಮುಗಿಯಿತು. ಅಪ್ಪ ನೀರು ಕುಡಿದು ಎದ್ದು ಬರುತ್ತಿದ್ದ. ಮಾಲೀಕನನ್ನು ಕೇಳದೆ ನೆಲ ಅಗೆದವರು ಆ ಮನೆಯನ್ನು ಮನಸ್ಸಿನಲ್ಲಿ ತಮ್ಮದು ಮಾಡಿಕೊಂಡವರು, ಅವರು ಏಳುವವರಲ್ಲ ಅಂತ ಅವನ ನಂಬಿಕೆ.

ಶಂಕ್ರಮ್ಮ ಬಾಡಿಗೆಯನ್ನು ಕಟ್ಟೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು, ಅಪ್ಪ ಎತ್ತಿಕೊಳ್ಳುತ್ತಿದ್ದ. ಅವಳ ಮಗ ಪ್ಲಾಟು ಕೊಂಡು ಮನೆ ಕಟ್ಟಿಸಿ ಹೋದ ಮೇಲೆ ನಾವು ಬ್ರಹ್ಮಪುರಕ್ಕೆ ಬಂದೆವು. ನನಗೆ ಆಗ ಮೂರು ನಾಲ್ಕು ವರ್ಷವಿರಬೇಕು. ಅವ್ವ ಮೊದಲ ದಿನವೇ ಒಳಕಲ್ಲಿನ ಮಾತು ತೆಗೆದಳು. ಎರಡು ದಿನ ತಡೆ ಅಂದ ಅಪ್ಪ. ಆ ಎರಡು ದಿನ ಮುಗಿಯುವ ಮುಂಚೆ ಮನೆಗೆ ಗಿರಾಕಿ ಬಂದರು. ನೆಲ ಅಗೆದ ಮನೆಗಿಂತ ಅಚ್ಚುಕಟ್ಟಾದ ಫರಸಿಯ ಮನೆಗೆ ಬೆಲೆ ಹೆಚ್ಚಂತೆ. ಹೊರಟೆವು. ಮುಂದಿನ ಮನೆಯಲ್ಲಿಯೂ ಎರಡು ದಿನ ತಡೆ, ಅದರ ಮುಂದಿನದರಲ್ಲಿಯೂ.

ಈ ಓಡಾಟದಲ್ಲಿ ನನ್ನ ಸ್ಥಿತಿ ಏನಾಗಿತ್ತು ಅಂದರೆ, ಶಾಲೆಯ ಹಾಜರಿಯಲ್ಲಿ ನನ್ನ ಹೆಸರು ಯಾವಾಗಲೂ ಕೊನೆಗೆ, ಬೇರೆ ಶಾಯಿಯಲ್ಲಿ. ಗೆಳತಿ ಅಂತ ಒಬ್ಬಳು ಆಗುವಷ್ಟರಲ್ಲಿ ಟೆಂಪೋ ಬಂದು ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದು ಬಚ್ಚಲು ಯಾವ ಕಡೆ ಅಂತ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು. ಹಬ್ಬಕ್ಕೆ ಕಮಲಾಪುರಕ್ಕೆ ಹೋದರೆ ಅಜ್ಜಿ ಪುತಳಾಬಾಯಿ ಮೊಟ್ಟಮೊದಲು ಕೇಳುತ್ತಿದ್ದದ್ದು ಕಲ್ಲಿನ ಸುದ್ದಿ. ಕೂಡಿಸಿದ್ರೇನು ಅಂತ. ಅವ್ವ ಇಲ್ಲ ಅನ್ನಲಾಗದೆ ನೀರು ತರಲು ಹೋಗುತ್ತಿದ್ದಳು. ಅಜ್ಜಿ ಸಾಯುವವರೆಗೂ ಅವಳಿಗೆ ಹ್ಞೂಂ ಅನ್ನುವ ಉತ್ತರ ಸಿಗಲಿಲ್ಲ.

ಅಪ್ಪ ಒಂದೇ ಒಂದು ಸಲ ತನ್ನ ನಂಬಿಕೆಯನ್ನು ಮೀರಿದ. ಬಟ್ಟೆ ಹೊಲಿಯುವ ಕುಲ್ಸುಮ್ ಎಂಬವಳು ಇದ್ದ ಮನೆ ತೀರ ಅಗ್ಗಕ್ಕೆ ಬಂದಿತ್ತು. ಅಡುಗೆಮನೆಯಲ್ಲಿ ಒಳಕಲ್ಲು ಹುಗಿದದ್ದನ್ನು ಕಂಡೂ ಆಸೆಗೆ ಬಿದ್ದು ಕೊಂಡ. ಕುಲ್ಸುಮ್ ಬಾಳೆಹಣ್ಣು ತಿಂದಳು, ಸಿಪ್ಪೆಯನ್ನು ಆಡಿಗೆ ಹಾಕಿದಳು, ತಿಂಗಳ ಬಾಡಿಗೆ ಕೈಗೇ ಕೊಟ್ಟಳು, ಜಪ್ಪಯ್ಯ ಅಂದರೂ ಏಳಲಿಲ್ಲ. ಅಪ್ಪ ಬೇರೆ ಮನೆ ತೋರಿಸಿದರೆ ಸಂಗಡ ಹೋಗಿ ನೋಡಿ, ಚೆನ್ನಾಗಿದೆ ಅಂತ ಹೊಗಳಿ, ತಿರುಗಿ ಬಂದು ಮಿಶನ್ ತುಳಿಯುತ್ತಿದ್ದಳು. ಕೊನೆಗೆ ಕೊಂಡದ್ದಕ್ಕಿಂತ ಕಡಿಮೆಗೆ ಆ ಮನೆಯನ್ನು ದಾಟಿಸಬೇಕಾಯಿತು.

ಅಪ್ಪನಿಗೆ ಅದು ನಷ್ಟ, ಅವ್ವನಿಗೆ ಅಲ್ಲ. ಅವಳು ಹಿಂಡಿ ಕುಟ್ಟಲು ಶೇಂಗಾ ಕಟ್ಟಿಕೊಂಡು ಕುಲ್ಸುಮ್ ಮನೆಗೇ ಹೋಗುತ್ತಿದ್ದಳು, ನನ್ನನ್ನೂ ಕರೆದೊಯ್ಯುತ್ತಿದ್ದಳು. ಅಲ್ಲಿಯ ಕಲ್ಲು ಅಲುಗುತ್ತಿರಲಿಲ್ಲ. ಕಾಲು ಚಾಚಿ ಕೂತು, ಮಾತಾಡುತ್ತ, ಆರಾಮಾಗಿ ಕುಟ್ಟುವ ಅವ್ವನನ್ನು ಅಲ್ಲಿ ಕಂಡೆ. ಅವಳ ಮುಖ ಬೇರೆಯೇ ಆಗಿರುತ್ತಿತ್ತು. ಇದನ್ನು ಹೇಗೆ ಕೂಡಿಸಿದಿರಿ ಅಂತ ಅವ್ವ ಕೇಳಿದಾಗ ಕುಲ್ಸುಮ್ ದಾರ ಹಲ್ಲಿನಿಂದ ಕಡಿದು ಹೇಳಿದಳು.

"ಫರಸಿ ಎತ್ತೋ ಮುಂದ ಕೈ ನಡಗ್ತದ ಶೇವಂತಾಬಾಯಿ. ಆದ್ರ ಒಮ್ಮಿ ಎತ್ತಿಬಿಡಬೇಕು. ಯಾರನ್ನೂ ಕೇಳಬಾರದು. ಕೇಳಿದ್ರ ಬ್ಯಾಡ ಅಂತಾರ."

ಆ ಮೇಲಿನ ವರ್ಷ ಅಪ್ಪ ಒಂದು ಮಿಕ್ಸಿ ತಂದ. ಇನ್ನು ಕಲ್ಲಿನ ಗೊಡವೆ ಬೇಡ ಅಂದ. ಅವ್ವ ಅದನ್ನು ಡಬ್ಬಿಯಿಂದ ಹೊರಗೆ ತೆಗೆಯಲಿಲ್ಲ. ಹೇಗೂ ಮತ್ತೆ ಕಟ್ಟಬೇಕಲ್ಲ ಅಂದಳು. ಅವಳ ಚುಚ್ಚುಮಾತು ಇಷ್ಟೇ ಇರುತ್ತಿತ್ತು, ಅಪ್ಪನಿಗೆ ತಾಗುತ್ತಲೂ ಇರಲಿಲ್ಲ. ನಾನಾಗಿದ್ದರೆ ಡಬ್ಬಿಯನ್ನು ಓಣಿಗೆ ಒಗೆಯುತ್ತಿದ್ದೆ.

ಜೇವರ್ಗಿ ಕಾಲೋನಿಯ ಮನೆ ಸಿಕ್ಕಾಗ ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ. ಅಲ್ಲಿದ್ದ ಬ್ಯಾಂಕಿನವರು ವರ್ಗವಾಗಿ ಸೊಲ್ಲಾಪುರಕ್ಕೆ ಹೋದದ್ದರಿಂದ ಬಾಳೆಹಣ್ಣಿನ ಖರ್ಚು ಕೂಡ ಆಗಲಿಲ್ಲ. ಎರಡು ಖೋಲಿ, ಒಂದು ಪಡಸಾಲೆ, ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು, ಅಡುಗೆಮನೆಗೆ ಎರಡು ಕಿಟಕಿ. ಟೆಂಪೋದಿಂದ ಸಾಮಾನು ಇಳಿಯುವ ಮುಂಚೆ ಅವ್ವ ಬಾಗಿಲಲ್ಲಿ ನಿಂತು ಇದು ಕಡೆಯದು ಅಂದಳು, ಇನ್ನು ಏಳುವುದಿಲ್ಲ ಅಂದಳು. ಅಪ್ಪ ಹ್ಞೂಂ ಅಂದ. ನಾನು ಪಕ್ಕದಲ್ಲೇ ಒಳಕಲ್ಲಿನ ಇನ್ನೊಂದು ಬದಿ ಹಿಡಿದು ನಿಂತಿದ್ದೆ, ನನ್ನ ಕಿವಿಯಾರೆ ಕೇಳಿದ್ದೇನೆ.

ಆದರೂ ಕಲ್ಲು ಗೋಣಿಚೀಲದ ಮೇಲೇ ಇತ್ತು. ಮೊದಲು ಬಣ್ಣ ಆಗಲಿ, ಆಮೇಲೆ ಗ್ಯಾಸಿನ ಕಟ್ಟೆ ಆಗಲಿ, ಗೌಂಡಿಯನ್ನು ಎರಡೆರಡು ಸಲ ಯಾಕೆ ಕರೆಸಬೇಕು, ಹೀಗೆ ಅಪ್ಪನ ಎರಡು ದಿನ ಬೆಳೆಯುತ್ತ ಹೋದವು. ಅಷ್ಟರಲ್ಲಿ ಒಂದು ವರ್ಷ ದಾಟಿತ್ತು. ಅದಕ್ಕೂ ಮುಂಚೆ ನಾವು ಅಷ್ಟು ದಿನ ಎಲ್ಲಿಯೂ ನಿಂತದ್ದಿಲ್ಲ. ಹಿತ್ತಲಿನಲ್ಲಿ ಕರಿಬೇವು ನನ್ನ ಮೊಣಕಾಲಿಗೆ ಬಂದಿತ್ತು. ಎದುರುಮನೆಯವರು ನನ್ನನ್ನು ಹೆಸರಿಟ್ಟು ಕರೆಯುತ್ತಿದ್ದರು. ನಾನೂ ನಂಬತೊಡಗಿದ್ದೆ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅಪ್ಪ ಬಾವಿ ಓಣಿಯಿಂದ ಮೀಟರು ಬರೆದುಕೊಂಡು ಬಂದವನು ಲೂನಾ ಗಾಡಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತ. ಅದು ಗೋಡೆಗೆ ಬಿತ್ತು. ನೀಲಿ ಬಾಗಿಲ ಮನೆ ಮಾರಾಟಕ್ಕೆ ಬಂದಿತ್ತು. ಒಡತಿ ತೀರಿಕೊಂಡಿದ್ದಳು, ಮಕ್ಕಳು ಪುಣೆಯಲ್ಲಿ, ಒಳಗೆ ಮೂರು ಬಾಡಿಗೆದಾರರು. ಯಾರು ಕೊಂಡರೂ ಕೊಡುತ್ತಾರಂತೆ. ಅವತ್ತಿನಿಂದ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಿಗ್ಗೆ ಸಂಜೆ ಆ ಓಣಿಯ ಕಡೆಗೇ ಗಾಡಿ ಹೊಡೆದ. ನಿಂತು ತಿನ್ನುತ್ತಿದ್ದ ರೊಟ್ಟಿಯೂ ಅರ್ಧಕ್ಕೇ ಉಳಿಯಿತು. ನಮ್ಮ ಹತ್ತಿರ ಇದ್ದದ್ದು ಈ ಒಂದು ಮನೆ, ಇದನ್ನು ಮಾರದೆ ಅದು ಬರುವಂತಿರಲಿಲ್ಲ.

ಕೊಳ್ಳಲು ದತ್ತಪ್ಪ ತಯಾರಾದ. ದತ್ತಪ್ಪನೆಂದರೆ ಕಮಲಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಅವ್ವನ ತವರಿನ ಪಕ್ಕದ ಮನೆಯ ಹುಡುಗ, ಅಪ್ಪನ ಲೂನಾದ ಹಿಂದೆ ಕೂತು ತಿರುಗಿ ಈ ದಂಧೆ ಕಲಿತವನು. ಅಪ್ಪ ಅವ್ವನನ್ನು ಕಾಕಾ, ಕಾಕಿ ಅನ್ನುತ್ತಿದ್ದ. ಅಪ್ಪನ ಬಾಳೆಹಣ್ಣು, ಅಪ್ಪನ ನೀರು ಕೇಳುವ ರೀತಿ, ಎಲ್ಲ ಹಾಗೆಯೇ ಎತ್ತಿಕೊಂಡಿದ್ದ. ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿ ಕೊಡುತ್ತೇನೆ ಅಂತ ಅಪ್ಪ ಅವನಿಗೆ ಮಾತು ಕೊಟ್ಟ. ಅಲ್ಲಿಯವರೆಗೆ ನಾವು ನಂದೂರಿನಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿಯುವುದು, ನೀಲಿ ಬಾಗಿಲ ಮನೆಯವರು ಯಾವಾಗ ಏಳುತ್ತಾರೋ ಆವಾಗ ಅಲ್ಲಿಗೆ ಹೋಗುವುದು. ಇದನ್ನೆಲ್ಲ ಅವನು ಸಂಜೆ ಬಾಗಿಲಲ್ಲಿ ನಿಂತು, ಓಣಿಯ ಕಡೆ ಮುಖ ಮಾಡಿಯೇ ಹೇಳಿದ. ನಾನು ಓದುತ್ತಿದ್ದ ಪುಸ್ತಕ ಮುಚ್ಚಿ ಒಳಗೆ ಹೋದೆ, ಇಲ್ಲದಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಒಳಕಲ್ಲು?" ಅಂದಳು.

"ಮಿಕ್ಸಿ ಅದ ಅಲ್ಲೇನು" ಅಂದ ಅಪ್ಪ.

ಮರುದಿನ ಶನಿವಾರ. ದತ್ತಪ್ಪನ ಮನೆಯವರೊಂದಿಗೆ ಮಾತು ಮುಗಿಸಿ, ಸೋಮವಾರ ಅವನನ್ನು ಕರೆದುಕೊಂಡೇ ಬರುತ್ತೇನೆ, ಅವನು ಮನೆ ನೋಡಿ ಮುಂಗಡ ಕೊಡುತ್ತಾನೆ ಅಂತ ಹೇಳಿ ಅಪ್ಪ ಕಮಲಾಪುರದ ಬಸ್ಸು ಹತ್ತಿದ. ಅವ್ವ ಗೇಟಿನಲ್ಲಿ ನಿಂತು, ಅವನು ತಿರುವು ದಾಟುವವರೆಗೆ ನೋಡಿದಳು. ಆಮೇಲೆ ಒಳಗೆ ಬಂದು, ಗೌಂಡಿಯನ್ನು ಕರೆದುಕೊಂಡು ಬಾ ಅಂದಳು. ನನಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಚಪ್ಪಲಿ ಹಾಕಿಕೊಳ್ಳುವುದನ್ನೂ ಬಿಟ್ಟು ಓಡಿದೆ.

ಗೌಂಡಿ ಬಂದು ನೆಲ ನೋಡಿದ, ಕಲ್ಲು ನೋಡಿದ, ಮಿಕ್ಸಿ ಇರುವ ಕಾಲದಲ್ಲಿ ಇದೇನು ಅಂತ ಗೊಣಗಿದ. ಯಜಮಾನರನ್ನು ಕೇಳಿದ್ದೀರೇನು ಅಂದ. ಯಜಮಾನಿ ಹೇಳಿದ್ದು ಸಾಲದಾ ಅಂತ ನಾನು ಅಂದ ದನಿಗೆ ಅವನು ಸುಮ್ಮನೆ ಉಳಿ ಎತ್ತಿಕೊಂಡ. ಅವ್ವನ ಕೈ ನಡುಗುತ್ತಿತ್ತು. ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು, ಆದರೂ ಕಾಣುತ್ತಿತ್ತು. ಫರಸಿ ಎದ್ದಾಗ ಕೆಳಗಿನ ಮಣ್ಣು ತಂಪಾಗಿತ್ತು. ನಾವಿಬ್ಬರೂ ಕಲ್ಲನ್ನು ಉರುಳಿಸಿಕೊಂಡು ಬಂದೆವು. ಗೌಂಡಿ ಅದನ್ನು ಗುಂಡಿಗೆ ಇಳಿಸಿ, ಕಲ್ಲಿನ ಕುಳಿಯಲ್ಲಿ ನೀರು ತುಂಬಿ, ನೀರಿನ ಅಂಚು ಎಲ್ಲ ಕಡೆ ಸಮ ಬರುವವರೆಗೆ ಅದನ್ನು ಹೊರಳಿಸಿ ಹೊರಳಿಸಿ ಕೂಡಿಸಿದ. ಸುತ್ತ ಸಿಮೆಂಟು ಮೆತ್ತಿದ. ಅವನು ಹೋದ ಮೇಲೆ ಅವ್ವ ಗೋಣಿಚೀಲವನ್ನು ಝಾಡಿಸಿ ಹಿತ್ತಲಿನ ತಂತಿಗೆ ಹಾಕಿದಳು.

ಭಾನುವಾರ ಇಡೀ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗೇಟಿನ ಸಪ್ಪಳಕ್ಕೆಲ್ಲ ಎದ್ದು ನೋಡಿದೆ. ಅಪ್ಪ ಬಂದು ಕಲ್ಲನ್ನು ಕೀಳಿಸಿದರೆ ಏನು ಮಾಡುವುದು, ಸಿಮೆಂಟು ಇನ್ನೂ ಹಸಿಯಾಗಿದೆ, ಒಂದು ಹಾರೆ ಸಾಕು. ಅವ್ವ ಮಾತ್ರ ಹೊತ್ತು ಹೊತ್ತಿಗೆ ಕಲ್ಲಿನ ಸುತ್ತ ನೀರು ಹಾಕುತ್ತಿದ್ದಳು. ಅಪ್ಪನ ಚಡಪಡಿಕೆ ನನ್ನ ರಕ್ತದಲ್ಲಿಯೂ ಇದೆ ಅಂತ ಅವತ್ತು ನನಗೆ ಖಾತ್ರಿಯಾಯಿತು.

ಸೋಮವಾರ ಬೆಳಿಗ್ಗೆ ಇಬ್ಬರೂ ಬಂದರು. ದತ್ತಪ್ಪನ ಕೈಯಲ್ಲಿ ಕೆಂಪು ಬಾಳೆಹಣ್ಣು. ನನಗೆ ಮೈ ಉರಿಯಿತು, ನಮ್ಮ ಮನೆಗೇ ಬಾಳೆಹಣ್ಣು. ಅವನು ಹಣ್ಣನ್ನು ಪಕ್ಕಕ್ಕಿಟ್ಟು, ಪಡಸಾಲೆಯ ಕುರ್ಚಿಯ ಮೇಲೆ ಕೂತು, ಕಾಕಿ ಒಂದೀಟು ನೀರು ಅಂದ. ಅಪ್ಪ ನಿಂತೇ ಇದ್ದ, ಕಿಟಕಿ ಬಾಗಿಲು ಗಾಳಿ ಬೆಳಕು ಅಂತ ಹೇಳುತ್ತಿದ್ದ. ಅವ್ವ ಲೋಟ ತಂದು ಕೊಟ್ಟು, ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲದೆ ಪಕ್ಕಕ್ಕೆ ಸರಿದಳು. ದತ್ತಪ್ಪ ಕಲಿತ ಪಾಠದಂತೆ ಟ್ರಂಕು ನೋಡಿದ, ಗೋಡೆ ನೋಡಿದ, ಆಮೇಲೆ ಕೂತಲ್ಲಿಂದಲೇ ಕತ್ತು ಚಾಚಿ ಅಡುಗೆಮನೆ ನೋಡಿದ. ಲೋಟ ತುಟಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

ಅವನು ಎದ್ದು ಬಾಗಿಲವರೆಗೆ ಹೋಗಿ ಇನ್ನೊಮ್ಮೆ ನೋಡಿದ. ಹಸಿ ಸಿಮೆಂಟು, ಅದರ ನಡುವೆ ಕರೀ ಕಲ್ಲು. ಅವ್ವನ ಮುಖ ನೋಡಿದ. ನೀರು ಕುಡಿಯದೆ ಲೋಟವನ್ನು ಕಿಟಕಿಯ ಮೇಲಿಟ್ಟ.

"ಕಾಕಾ, ನೀವೇ ಹೇಳಿಕೊಟ್ಟದ್ದು" ಅಂದ. "ಈ ಮನ್ಯಾಗಿನ ಮಂದಿ ಏಳಂಗಿಲ್ಲ."

ಇವನೇನು ಹೇಳುತ್ತಿದ್ದಾನೆ ಅನ್ನುವಂತೆ ಅಪ್ಪ ನೋಡಿದ. ಅಷ್ಟರಲ್ಲಿ ದತ್ತಪ್ಪ ಬಗ್ಗಿ ಅವ್ವನ ಕಾಲು ಮುಟ್ಟಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ. ಬಾಳೆಹಣ್ಣು ಪಡಸಾಲೆಯಲ್ಲೇ ಉಳಿಯಿತು. ಅಪ್ಪ ಅಡುಗೆಮನೆಗೆ ಹೋದ. ಕಲ್ಲನ್ನು ಕಂಡ. ಆಮೇಲೆ ಚಪ್ಪಲಿಯ ಕಾಲನ್ನು ಅದರ ಅಂಚಿನ ಮೇಲಿಟ್ಟು ಒತ್ತಿದ. ಅದು ಅಲುಗಲಿಲ್ಲ. ನಾನು ಅವನ ಹಿಂದೆಯೇ ಇದ್ದೆ, ಹಾರೆಗೆ ಕೈ ಹಾಕಿದರೆ ಕಸಿದುಕೊಳ್ಳಬೇಕೆಂದು ತಯಾರಾಗಿದ್ದೆ. ಅವನ ಕುತ್ತಿಗೆಯ ಹಿಂದೆ ಬಿಸಿಲಿಗೆ ಸುಟ್ಟ ಗೆರೆಗಳು ಕಂಡವು. ಇಪ್ಪತ್ತು ವರ್ಷ ಮೀಟರಿನ ಕೆಳಗೆ ಕತ್ತೆತ್ತಿ ನಿಂತ ಕುತ್ತಿಗೆ.

"ಬಾವಿ ಓಣಿ ಕೈ ಬಿಟ್ಟು ಹೋತಲ್ಲ, ಶೇವಂತಾ" ಅಂದ. ದನಿಯಲ್ಲಿ ಜಗಳವಿರಲಿಲ್ಲ.

ಅವ್ವ ಒಲೆಯ ಮುಂದೆ ಕೂತಿದ್ದಳು. ತಲೆಯೆತ್ತಿ ಅವನನ್ನೇ ನೋಡಿದಳು.

"ಆ ಓಣಿಯವರು ನನಗ ಮನಿ ಇಲ್ಲಂತ ಒಂದ ಸಲ ಅಂದ್ರು" ಅಂದಳು. "ನೀವು ಪ್ರತಿ ಸಲ ಅಂದೀರಿ."

ಅಪ್ಪ ತನ್ನ ಕಾಲ ಕಡೆ ನೋಡಿಕೊಂಡ, ಕಲ್ಲಿನ ಮೇಲಿಂದ ಅದನ್ನು ಕೆಳಗಿಟ್ಟ. ಬಾಗಿಲಿಗೆ ಹೋಗಿ ಚಪ್ಪಲಿ ಕಳಚಿದ. ದತ್ತಪ್ಪ ಕುಡಿಯದೆ ಬಿಟ್ಟ ಲೋಟ ಕಿಟಕಿಯ ಮೇಲಿತ್ತು, ಅದನ್ನು ಎತ್ತಿಕೊಂಡು ಬಂದು ಕುಕ್ಕರಗಾಲಿನಲ್ಲಿ ಕೂತು, ಸಿಮೆಂಟಿನ ಮೇಲೆ ಸುತ್ತಲೂ ಸಣ್ಣಗೆ ನೀರು ಬಿಟ್ಟ.

"ಇನ್ನೂ ಹಸಿ ಅದ" ಅಂದ. "ನಾಕು ದಿನ ಕುಟ್ಟಬ್ಯಾಡ."

ನೀಲಿ ಬಾಗಿಲ ಮನೆಯನ್ನು ಆ ಮಳೆಗಾಲದಲ್ಲಿ ಬೇರೆ ಯಾರೋ ಕೊಂಡರು. ಅಪ್ಪ ನಿವೃತ್ತನಾಗುವವರೆಗೂ ಅದರ ಮೀಟರು ಬರೆದ. ಅಲ್ಲಿಂದ ಬಂದ ದಿನ ಮಾತು ಕಡಿಮೆಯಿರುತ್ತಿತ್ತು, ಹಿತ್ತಲಿಗೆ ಹೋಗಿ ಕರಿಬೇವಿನ ಬುಡ ಕೆದಕುತ್ತಿದ್ದ. ನಿದ್ದೆಯಲ್ಲಿ ಕಾಲು ಆಡಿಸುವುದು ನಿಲ್ಲಲಿಲ್ಲ. ಅದು ನಿಲ್ಲುವುದೂ ಇಲ್ಲ ಅಂತ ಅವ್ವ ನಗುತ್ತಾಳೆ.

ಆ ಸೋಮವಾರ ಮಾತ್ರ ಅವನು ಲೋಟ ಖಾಲಿಯಾದ ಮೇಲೂ ಏಳಲಿಲ್ಲ. ಕಲ್ಲಿನ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ, ಊಟಕ್ಕೆ ನೀಡು ಅಂದ. ಅವ್ವ ಅಭ್ಯಾಸಬಲದಿಂದ ರೊಟ್ಟಿಯನ್ನು ಸುತ್ತಿ ಕೈಗೆ ಕೊಡಲು ಹೋದವಳು ಕೈ ಹಿಂದೆಗೆದಳು. ಎದ್ದು ಹೋಗಿ ತಾಟು ತೊಳೆದು ತಂದಳು.